ಕಾಲಿಗೆ ಕೇಳಿಸಿದ ತಾಳ

ನನ್ನ ಗಂಡನನ್ನು ನಾನು ಹೊಗಳಿದರೆ ಶಂಕರಪುರಂನಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ನಲವತ್ತೆಂಟು ವರ್ಷದಿಂದ ಹೊಗಳುತ್ತಲೇ ಇದ್ದೇನೆ. ಬೈಯುವುದನ್ನೂ ಅಷ್ಟೇ ವರ್ಷದಿಂದ ಮಾಡಿಕೊಂಡು ಬಂದಿರುವುದರಿಂದ ನನ್ನ ಹೊಗಳಿಕೆಗೆ ಒಂದು ಬೆಲೆಯಿದೆ. ಈಗ ಹೇಳಹೊರಟಿರುವುದು ಅರವತ್ತನಾಲ್ಕು ಹೆಜ್ಜೆಯ ವಿಷಯ. ಅರವತ್ತನಾಲ್ಕು ಹೆಜ್ಜೆ ಏನು ಮಹಾ ಎನ್ನುವವರು ಪೂರ್ತಿ ಕೇಳಿ, ಆಮೇಲೆ ಮಾತನಾಡಲಿ.

ಇವರ ಹೆಸರು ರಾಮಾನುಜ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಾಗಿದ್ದವರು. ನಾನು ಭಾಗೀರಥಮ್ಮ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ನಾಲ್ಕು ವರ್ಷ ಆಪರೇಟರ್ ಆಗಿದ್ದವಳು. ಮಗ ಸೊಸೆ ಮಹಡಿಯ ಮೇಲಿದ್ದಾರೆ, ಕೂಗಿದರೆ ಇಳಿದು ಬರುತ್ತಾರೆ. ಇವರು ನಮ್ಮ ಬಡಾವಣೆಯ ಸಂಗೀತ ಸಭೆಗೆ ನಲವತ್ತು ವರ್ಷದಿಂದ ಕಾರ್ಯದರ್ಶಿ. ರಾಮನವಮಿಗೆ ಹತ್ತು ದಿನ ಪೆಂಡಾಲು ಹಾಕಿ ಕಛೇರಿ ನಡೆಸುವ ಸಭೆ. ಈ ನಲವತ್ತು ವರ್ಷದಲ್ಲಿ ಒಬ್ಬ ವಿದ್ವಾಂಸರನ್ನೂ ಇವರು ಫೋನಿನಲ್ಲಿ ಕರೆದವರಲ್ಲ. ಮನೆಗೆ ಹೋಗಿ, ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟು, ತಾಂಬೂಲ ಕೊಟ್ಟು ಕರೆಯಬೇಕು. ಹೆಂಡತಿ ಟೆಲಿಫೋನ್ ಆಪರೇಟರ್ ಆಗಿದ್ದೂ ಮೂರು ಕಾಸಿನ ಪ್ರಯೋಜನವಾಗಲಿಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ.

ಸಭೆಯಲ್ಲಿ ಒಂದು ಪದ್ಧತಿ ಇದೆ. ಮೊದಲ ದಿನದ ಸಂಜೆ ಕಾರ್ಯದರ್ಶಿಯಾದವರು ರಾಮನ ಪಟವನ್ನು ಎದೆಗೆ ಅವಚಿಕೊಂಡು ಪೆಂಡಾಲಿನ ಬಾಗಿಲಿಂದ ವೇದಿಕೆಯವರೆಗೆ ನಡೆದು ಹೋಗಿ ಅಲ್ಲಿ ಕೂರಿಸಬೇಕು. ಅದಾದ ಮೇಲೆಯೇ ಮೊದಲ ಶ್ರುತಿ. ಬಾಗಿಲಿಂದ ವೇದಿಕೆಯ ಬುಡಕ್ಕೆ ಅರವತ್ತನಾಲ್ಕು ಹೆಜ್ಜೆ. ಎಂಟೆಣಿಕೆಯ ಆದಿತಾಳದ ಎಂಟು ಆವರ್ತನಕ್ಕೆ ಸರಿಯಾಯಿತು ಎಂದು ಇವರು ಮೊದಲ ವರ್ಷವೇ ಲೆಕ್ಕ ಹಾಕಿ, ಮುಂದೆ ಪೆಂಡಾಲಿನವರು ಬಾಗಿಲನ್ನು ಅರ್ಧ ಅಡಿ ಆಚೀಚೆ ಮಾಡಿದರೂ ಜಗಳಕ್ಕೆ ನಿಲ್ಲುತ್ತಿದ್ದರು.

ಮೂರು ವರ್ಷದ ಹಿಂದೆ ಪಾರ್ಕಿನ್ಸನ್ ಎಂದರು. ಮೊದಲು ಕೈ ನಡುಗಿತು. ಅಂಗಿಯ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಬೇಕಾಯಿತು. ದನಿ ಸಣ್ಣಗಾಯಿತು. ಅದೆಲ್ಲ ಹೇಗೋ ಸಹಿಸಿಕೊಂಡರು. ಸಹಿಸಲಾಗದ್ದು ಕಾಲಿನ ಕಥೆ. ನಡೆಯುತ್ತ ನಡೆಯುತ್ತ ಥಟ್ಟನೆ ನಿಂತುಬಿಡುವರು. ಹೊಸಿಲು ಕಂಡರೆ ಸಾಕು, ಪಾದ ನೆಲಕ್ಕೆ ಅಂಟಿಕೊಂಡ ಹಾಗೆ. ಬಲವಿಲ್ಲ ಎಂದಲ್ಲ, ಕಾಲಿಗೆ ಹೇಳಿದ್ದು ಕಾಲಿಗೆ ಮುಟ್ಟುತ್ತಿರಲಿಲ್ಲ. ಲೈನ್ ಸಿಗದ ಟ್ರಂಕ್‌ಕಾಲ್ ಇದ್ದ ಹಾಗೆ ಎಂದು ನನಗೆ ಅರ್ಥವಾಗುತ್ತಿತ್ತು.

ಕಳೆದ ವರ್ಷ ಪೆಂಡಾಲಿನ ನಟ್ಟನಡುವೆ ಹಾಗೆ ನಿಂತರು. ಪಟ ಎದೆಯ ಮೇಲೆ, ನಾಲ್ಕು ನೂರು ಜನ ಎರಡೂ ಕಡೆ. ಐದು ನಿಮಿಷ ಕಳೆದರೂ ಕಾಲು ಏಳಲಿಲ್ಲ. ಯಾರೋ ಮೊಬೈಲಿನಲ್ಲಿ ವಿಡಿಯೋ ತೆಗೆದರು. ಕೊನೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ವರು ಎತ್ತಿಕೊಂಡು ಹೋದರು. ಆ ಸಂಜೆ ಇವರು ಒಂದು ಕೀರ್ತನೆಗೂ ತಲೆಯಾಡಿಸಲಿಲ್ಲ.

ಈ ಜನವರಿಯಲ್ಲಿ ಕಮಿಟಿಯವರು ನಮ್ಮ ಮನೆಯಲ್ಲಿ ಸೇರಿದರು. ಸಹಕಾರ್ಯದರ್ಶಿ ವಾದಿರಾಜ ಒಳ್ಳೆಯವನೇ, ಆದರೆ ಒಳ್ಳೆಯತನವನ್ನು ಜೋರಾಗಿ ಮಾಡುವ ಸ್ವಭಾವ.

“ಸಾರ್, ಈ ಸಲ ವೀಲ್‌ಚೇರ್‌ನಲ್ಲೇ ಕೂತ್ಕೊಂಡ್ ಬಂದ್ಬಿಡಿ. ಹೂವು ಗೀವು ಕಟ್ಟಿ ಚೆನ್ನಾಗ್ ಮಾಡೋಣ. ನಾನೇ ತಳ್ತೀನಿ.”

ಇವರ ಉತ್ತರ ಸಿದ್ಧವಾಗಿತ್ತು. “ನಡ್ಕೊಂಡ್ ಬರ್ತೀನಿ. ಆಗ್ದೇ ಇದ್ರೆ ಪಟ ನೀನೇ ಹೊರು. ಕಾರ್ಯದರ್ಶಿ ಕೆಲಸಾನೂ ನೀನೇ ಇಟ್ಕೋ. ನಾನು ಆಮೇಲೆ ಪೆಂಡಾಲಿಗೇ ಬರಲ್ಲ.”

ಇವರು ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವವರಲ್ಲ. ಕಛೇರಿ ಕೇಳದೆ ಮನೆಯಲ್ಲಿ ಕೂತರೆ ಈ ಮನುಷ್ಯ ಆರು ತಿಂಗಳೂ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೆದರಿಕೆಯಾಯಿತು. ಮಾರನೆಯ ದಿನವೇ ಫಿಸಿಯೋಥೆರಪಿಯ ಹುಡುಗಿಯನ್ನು ಗೊತ್ತುಮಾಡಿದೆ.

ಹೆಸರು ದೀಪ್ತಿ. ಮತ್ತಿಕೆರೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದಳು. ಬಂದ ಮೊದಲ ದಿನವೇ ನನಗೆ ತಿಳಿಯುವ ಹಾಗೆ ಹೇಳಿದಳು.

“ಆಂಟಿ, ನಾವು ನಡೀವಾಗ ಮೆದುಳೊಳಗೆ ಒಬ್ಬ ಕೂತ್ಕೊಂಡು ತಾಳ ಹಾಕ್ತಿರ್ತಾನೆ ಅಂದ್ಕೊಳಿ. ಎಡ, ಬಲ, ಎಡ, ಬಲ. ನಮಗದು ಗೊತ್ತೇ ಆಗಲ್ಲ. ಸರ್‌ಗೆ ಅವನು ಆಗಾಗ ತೂಕಡಿಸ್ತಾನೆ. ಆದ್ರೆ ಹೊರಗಿಂದ ತಾಳ ಕೇಳ್ಸಿದ್ರೆ ಮೆದುಳು ಬೇರೆ ದಾರೀಲಿ ಕಾಲಿಗೆ ಹೇಳತ್ತೆ. ತುಂಬಾ ಜನಕ್ಕೆ ಕೆಲಸ ಮಾಡತ್ತೆ. ಎಲ್ರಿಗೂ ಅಲ್ಲ. ಕಾಯಿಲೆ ಏನೂ ವಾಸಿಯಾಗಲ್ಲ, ಮಾತ್ರೆ ಹೊತ್ತಿಗೆ ಸರ್ಯಾಗಿ ತಗೋಬೇಕು.”

ತಾಳ! ನನಗೆ ನಗು ಬಂತು. ನಮ್ಮ ಮನೆಯಲ್ಲಿ ಅಕ್ಕಿ ಬೇಳೆಗೆ ಬರ ಬಂದೀತು, ತಾಳಕ್ಕೆ ಬರವೇ? ಇವರಿಗೆ ಬಹಳ ಇಷ್ಟವಾದ ಮೃದಂಗದ ತನಿ ಆವರ್ತನದ ರೆಕಾರ್ಡಿಂಗ್ ಹಾಕಿ, ಹಾಲಿನಲ್ಲಿ ನಿಲ್ಲಿಸಿ, “ನಡೀರಿ” ಎಂದೆ. ಇವರು ಒಂದು ಹೆಜ್ಜೆ ಇಟ್ಟರು. ಕಣ್ಣು ಮುಚ್ಚಿದರು. ಬಲಗೈ ಮೇಲೆದ್ದು ತೊಡೆಯ ಮೇಲೆ ಬಿತ್ತು, ಬೆರಳುಗಳು ಒಂದೊಂದಾಗಿ ಮಡಿಸಿಕೊಂಡವು. ಗುಂಡಿ ಹಾಕಲಾರದ ಆ ಕೈ ಒಂದಿಷ್ಟೂ ನಡುಗದೆ ತಾಳ ಹಾಕುತ್ತಿತ್ತು. ದೀಪ್ತಿ ಬೆರಗಾಗಿ ನೋಡಿದಳು. ಆದರೆ ಕಾಲು? ಕಾಲು ಇದ್ದಲ್ಲೇ ಇತ್ತು. ಮುಕ್ತಾಯ ಬಂದಾಗ ಇವರು “ಆಹಾ!” ಎಂದು ತಲೆದೂಗಿ, ಸುತ್ತ ಕುರ್ಚಿ ಹುಡುಕಿದರು.

ಹದಿನೈದು ದಿನ ನಾವು ಮಾಡಿದ ತಪ್ಪು ಇದು. ಬೇರೆ ಬೇರೆ ರಾಗ, ಬೇರೆ ಬೇರೆ ವಿದ್ವಾಂಸರು. ಸಂಗೀತ ಒಳ್ಳೆಯದಾದಷ್ಟೂ ಇವರು ಗಟ್ಟಿಯಾಗಿ ನಿಂತರು. ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ ಈ ಮನುಷ್ಯ ಸಂಗೀತ ಕೇಳಿದ್ದು ಕೂತುಕೊಂಡು, ಕಾಲು ಮಡಿಸಿಕೊಂಡು. ಕಛೇರಿ ಶುರುವಾದರೆ ಕಾಲಿಗೆ ರಜೆ ಎಂದು ಮೈ ಕಲಿತುಬಿಟ್ಟಿದೆ. ಅರವತ್ತು ವರ್ಷದ ಪಾಠವನ್ನು ಹದಿನೈದು ದಿನದಲ್ಲಿ ಬಿಡಿಸುವುದು ಸುಲಭವಲ್ಲ.

ಸರಿ, ಸಂಗೀತವೇ ಬೇಡ ಎಂದು ದೀಪ್ತಿ ಮೊಬೈಲಿನಲ್ಲಿ ಬರೀ ಟಿಕ್ ಟಿಕ್ ಎನ್ನುವ ಒಂದು ಆ್ಯಪ್ ಹಾಕಿದಳು. ಅದಕ್ಕೆ ಇವರು ನಡೆದರು. ಏಳು ಹೆಜ್ಜೆ ಚೆನ್ನಾಗಿ ಹೋದರು, ಎಂಟಕ್ಕೆ ನಿಂತರು. ಮತ್ತೆ ಹೊರಡಿಸಿದೆವು, ಮತ್ತೆ ಎಂಟಕ್ಕೆ ನಿಂತರು.

“ಯಾಕೆ ಸರ್?” ಎಂದಳು ದೀಪ್ತಿ.

“ಆವರ್ತನ ಮುಗೀತಲ್ಲಮ್ಮಾ” ಎಂದರು ಇವರು.

ಹುಡುಗಿ ನಗಬಾರದೆಂದು ತುಟಿ ಕಚ್ಚಿಕೊಂಡಳು. ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ನಕ್ಕು, ಸ್ವಲ್ಪ ಅತ್ತು ಬಂದೆ. ರಾಮನವಮಿಗೆ ಇನ್ನು ಎರಡು ತಿಂಗಳೂ ಇರಲಿಲ್ಲ.

ಆ ವಾರವೇ ಪಕ್ಕದ ಕ್ರಾಸಿನ ಹುಡುಗರು ಅಣ್ಣಮ್ಮನನ್ನು ಕೂರಿಸಿದರು. ಊರದೇವತೆಯನ್ನು ಬೀದಿಗೆ ಕರೆತಂದು, ಶಾಮಿಯಾನ ಹಾಕಿ, ಮೂರು ದಿನ ಪೂಜೆ, ಮೆರವಣಿಗೆ. ಮೆರವಣಿಗೆ ಎಂದರೆ ತಮಟೆ. ತಮಟೆ ಎಂದರೆ ನಮ್ಮ ಮನೆಯಲ್ಲಿ ಟೈಪ್‌ರೈಟರ್. ಪ್ರತಿವರ್ಷ ಇವರು ಪೊಲೀಸ್ ಸ್ಟೇಷನ್ನಿಗೆ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆಯುತ್ತಿದ್ದರು. ಅದರಲ್ಲಿ ‘ಸಂಗೀತವೆಂದು ಕರೆಯಲಾಗದ ಶಬ್ದ’ ಎಂಬ ಒಂದು ಮಾತು ಇದ್ದೇ ಇರುತ್ತಿತ್ತು. ಈ ಸಲ ಕೈ ನಡುಗಿ ಟೈಪ್ ಮಾಡಲಾಗದೆ ಬರೀ ಗೊಣಗುತ್ತಿದ್ದರು.

ಭಾನುವಾರ ಬೆಳಗ್ಗೆ ಹತ್ತು ಗಂಟೆಯಿರಬೇಕು. ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಇವರು ಹಾಲಿನಿಂದ ಜಗಲಿಗೆ ಬರುವ ಹೊಸಿಲಲ್ಲಿ ಸಿಕ್ಕಿಕೊಂಡಿದ್ದರಂತೆ. ಮೆರವಣಿಗೆ ನಮ್ಮ ಬೀದಿಗೆ ತಿರುಗಿತು. ಎಂಟು ತಮಟೆ ಒಟ್ಟಿಗೆ. ಕಿಟಕಿಯ ಗಾಜು ಅದುರಿತು. ಇದ್ದಕ್ಕಿದ್ದಂತೆ ಗೇಟಿನ ಚಿಲಕದ ಸದ್ದು ಕೇಳಿ ನಾನು ಓಡಿಬಂದು ನೋಡುತ್ತೇನೆ, ಇವರು ಬೀದಿಯಲ್ಲಿದ್ದಾರೆ! ಕೋಲಿಲ್ಲ, ಯಾರ ಕೈಯೂ ಹಿಡಿದಿಲ್ಲ. ಬಿರಬಿರನೆ ನಡೆದುಕೊಂಡು ತಮಟೆಯವರ ಮುಂದೆ ಹೋಗಿ, ಇದ್ದ ದನಿಯನ್ನೆಲ್ಲ ಒಟ್ಟುಮಾಡಿ ಕೂಗಿದರು.

“ನಿಲ್ಸೀ!”

ತಂಡದ ಮುಂದಾಳು ಮುದುಕರ ಮುಖ ನೋಡಿ ಕೋಲು ಇಳಿಸಿದ. ಎಂಟೂ ತಮಟೆ ನಿಂತವು. ಬೈದಾದ ಮೇಲೆ ಇವರು ಮನೆಗೆ ತಿರುಗಬೇಕಲ್ಲ, ತಿರುಗಲಾಗಲಿಲ್ಲ. ನಡುಬೀದಿಯಲ್ಲಿ ಪಾದ ಅಂಟಿಕೊಂಡಿತು. ಮುಖದ ಸಿಟ್ಟು ಇಳಿದು ಗಾಬರಿ ಏರಿದ್ದನ್ನು ನಾನು ಕಂಡೆ. ಒಂದು ಕಡೆ ಮೆರವಣಿಗೆಯ ಜನ, ಇನ್ನೊಂದು ಕಡೆ ನಾನು, ನಡುವೆ ಈ ಮನುಷ್ಯ.

ಆಗ ನನ್ನ ತಲೆಗೆ ಹೊಳೆಯಿತು. ಮುಂದಾಳಿಗೆ ಹೇಳಿದೆ. “ಬಾರ್ಸಿ.”

“ಬೇಡ ಅಂದ್ರಲ್ಲಮ್ಮಾ ಯಜಮಾನ್ರು.”

“ನಾನ್ ಹೇಳ್ತಿದೀನಲ್ಲ, ಬಾರ್ಸೀಪ್ಪಾ!”

ಅವನು ಒಬ್ಬನೇ ಬಾರಿಸಿದ. ಡಣ್, ಡಣ್ ಎಂದು ಎರಡೇ ಏಟು. ಇವರ ಎಡಗಾಲು ಎದ್ದಿತು. ಆಮೇಲೆ ಬಲಗಾಲು. ಇವರು ತಿರುಗಿ ಮನೆಯ ಕಡೆ ನಡೆದರು. ನಾನು ಎಣಿಸುತ್ತಿದ್ದೆ. ಆರು, ಏಳು, ಎಂಟು. ಎಂಟಕ್ಕೆ ನಿಲ್ಲಲಿಲ್ಲ. ಒಂಬತ್ತು, ಹತ್ತು, ಗೇಟು, ಮೆಟ್ಟಿಲು, ಹೊಸಿಲು, ಹಾಲು, ಕುರ್ಚಿ. ಕೂತ ಮೇಲೆ ಇವರು ನನ್ನ ಮುಖ ನೋಡಲಿಲ್ಲ.

ಮಾರನೆಯ ದಿನ ವಿಳಾಸ ವಿಚಾರಿಸಿಕೊಂಡು ಚಾಮರಾಜಪೇಟೆಯ ಕೊನೆಯ ಒಂದು ಓಣಿಗೆ ಹೋದೆ. ಮುಂದಾಳಿನ ಹೆಸರು ಮಾಯಣ್ಣ, ಐವತ್ತೈದರ ಸುಮಾರಿನವರು. ದಿನವೂ ಲಗೇಜ್ ಆಟೋ ಓಡಿಸುತ್ತಾರೆ, ಹಬ್ಬಕ್ಕೆ, ಜಾತ್ರೆಗೆ, ಗಾಂಧಿನಗರದಲ್ಲಿ ಹೊಸ ಪಿಕ್ಚರ್ ಬಿಡುಗಡೆಯಾದರೆ ಕಟೌಟಿನ ಮುಂದೆ ತಮಟೆ ಬಾರಿಸುತ್ತಾರೆ. ತಂಡ ದೆಹಲಿಗೆ ಹೋಗಿ ಬಂದ ಫೋಟೋ ಗೋಡೆಯ ಮೇಲಿತ್ತು. ತಮಟೆಗಳನ್ನು ಬಟ್ಟೆಯಲ್ಲಿ ಸುತ್ತಿ ದೇವರ ಪಕ್ಕ ಇಟ್ಟಿದ್ದರು. ಇಷ್ಟೆಲ್ಲ ಕಣ್ಣಾರೆ ಕಂಡೂ ನಾನು ಆಡಿದ ಮಾತು ಹೀಗಿತ್ತು.

“ದಿನಾ ಬೆಳಗ್ಗೆ ಬಂದು ಒಂದರ್ಧ ಗಂಟೆ ಸದ್ದು ಮಾಡ್ಬಿಟ್ಟು ಹೋಗ್ತೀರಾ? ನಮ್ಮ ಯಜಮಾನ್ರಿಗೆ ನಡ್ಯೋಕಾಗತ್ತೆ.”

ಮಾಯಣ್ಣ ಕೂತಿದ್ದವರು ಎದ್ದು ನಿಂತರು. “ಸದ್ದಾ ಅಮ್ಮಾ? ಸದ್ದು ಮಾಡೋಕೆ ನಿಮ್ಮನೇಲಿ ಪಾತ್ರೆ ಇಲ್ವಾ?”

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

“ನೀವ್ ದೊಡ್ಡೋರು, ಬೇಜಾರ್ ಮಾಡ್ಕೋಬೇಡಿ” ಎಂದು ಅವರೇ ಮುಂದುವರಿಸಿದರು. “ಅವತ್ತು ಬೀದೀಲಿ ಬಾರ್ಸಿದ್ದು ಮನುಷ್ಯ ಕಷ್ಟದಲ್ಲಿದಾನೆ ಅಂತ. ಆದ್ರೆ ಒಬ್ರ ಮನೆ ಬಾಗ್ಲಿಗೆ ಹೋಗಿ ಬಾರ್ಸೋದು ಬೇರೆ. ಅದಕ್ಕೆ ವೀಳ್ಯ ಕೊಡ್ಬೇಕು. ನಮ್ಮಪ್ಪ, ನಮ್ ತಾತ, ವೀಳ್ಯ ಇಲ್ದೆ ಎಲ್ಲೂ ತಮಟೆ ಎತ್ಲಿಲ್ಲ. ಯಜಮಾನ್ರು ಕರೀಲಿ, ಬರ್ತೀನಿ.”

ಮನೆಗೆ ಬಂದು ಇದ್ದದ್ದು ಇದ್ದ ಹಾಗೆ ಇವರಿಗೆ ಹೇಳಿದೆ. ಇವರು ಅರ್ಜಿಯ ನಕಲುಗಳಿದ್ದ ಫೈಲು ತರಿಸಿಕೊಂಡು ಮೂರು ದಿನ ಒಂದೊಂದೇ ಓದಿದರು. ನಾಲ್ಕನೆಯ ದಿನ ಬೆಳಗ್ಗೆ ಸ್ನಾನ ಮಾಡಿ, ಜರಿಯಂಚಿನ ಪಂಚೆ ಉಟ್ಟು, “ಬೆಳ್ಳಿ ತಟ್ಟೆ ತೆಗಿ” ಎಂದರು. ವಿದ್ವಾಂಸರನ್ನು ಕರೆಯಲು ಹೋಗುವಾಗ ಮಾತ್ರ ತೆಗೆಯುವ ತಟ್ಟೆ ಅದು. ನಾನು ಎಲೆ ಒರೆಸಿ, ಹೆಮ್ಮೆಯಿಂದ ಒಂದೊಂದಾಗಿ ಜೋಡಿಸಿದೆ.

ಆಟೋ ಇಳಿದು ಮಾಯಣ್ಣನವರ ಬಾಗಿಲಿಗೆ ಹೋದೆವು. ಹೊಸಿಲು ಬಂತು, ಇವರು ನಿಂತರು. ತಟ್ಟೆ ಗಡಗಡ ನಡುಗಿತು. ಒಳಗಿದ್ದ ಮಾಯಣ್ಣನವರಿಗೆ ಎಲ್ಲವೂ ಅರ್ಥವಾಯಿತು. ವೀಳ್ಯ ಕೈಗೆ ಬರದೆ ಅವರು ಬಾರಿಸುವಂತಿಲ್ಲ, ಬಾರಿಸದೆ ಇವರು ಒಳಗೆ ಹೋಗುವಂತಿಲ್ಲ.

“ನೀವು ಅಲ್ಲೇ ಇರಿ ಸಾರ್” ಎಂದು ಅವರೇ ಹೊಸಿಲು ದಾಟಿ ಬಂದರು.

“ಮಾಯಣ್ಣನವರೇ, ನಮ್ಮ ಸಭೆ ಪರವಾಗಿ ಕರೀತಿದೀನಿ. ಬರ್ಬೇಕು” ಎಂದರು ಇವರು. ಆಮೇಲೆ ಸುಮ್ಮನಿರಲಾರದೆ, “ನಿಮ್ಮ ಮೇಲೆ ಹನ್ನೊಂದು ಅರ್ಜಿ ಬರ್ದಿದೀನಿ ನಾನು” ಎಂದೂ ಸೇರಿಸಿದರು.

“ಗೊತ್ತು ಸಾರ್. ಸ್ಟೇಷನ್ನಲ್ಲಿ ಓದಿ ಹೇಳೋರು. ಇಂಗ್ಲಿಷ್ ಬಾಳ ಚೆನ್ನಾಗಿದೆ ಅನ್ನೋರು.”

ಮಾಯಣ್ಣ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಒಳಗೆ ಹೋಗಿ ತಮಟೆ ಬಿಚ್ಚಿ, ಎರಡು ಏಟು ಹಾಕಿದರು. ಇವರು ಹೊಸಿಲು ದಾಟಿ ಒಳಗೆ ಹೋಗಿ, ಚಾಪೆಯ ಮೇಲೆ ಕೂತು, ಅವರ ಮನೆಯ ಕಾಫಿ ಕುಡಿದರು. ಇವರು ಹೊರಗೆ ಕಾಫಿ ಕುಡಿದದ್ದನ್ನು ನಾನು ಕಂಡದ್ದು ಅದೇ ಮೊದಲು. ಸಕ್ಕರೆ ಜಾಸ್ತಿಯಾಯಿತು ಎಂದು ಹೇಳಲಿಲ್ಲ, ಅದೂ ಮೊದಲ ಸಲವೇ.

ಅಲ್ಲಿಂದ ಮುಂದೆ ದಿನಾ ಬೆಳಗ್ಗೆ ಏಳೂವರೆಗೆ, ಮಾತ್ರೆ ತಗೊಂಡು ಅರ್ಧ ಗಂಟೆಯ ಮೇಲೆ, ನಮ್ಮ ಬೀದಿಯಲ್ಲಿ ಪಾಠ. ಮಾಯಣ್ಣ ಮುಂದೆ, ಇವರು ಹಿಂದೆ, ದೀಪ್ತಿ ಪಕ್ಕದಲ್ಲಿ. ಕೆಲವು ದಿನ ಐವತ್ತು ಹೆಜ್ಜೆ, ಕೆಲವು ದಿನ ಐದೂ ಇಲ್ಲ. ಒಂದು ವಾರವಾದ ಮೇಲೆ ಮಾಯಣ್ಣ ಏಟನ್ನೇ ಬದಲಾಯಿಸಿದರು.

“ಸಾರ್‌ಗೆ ಮೆರವಣಿಗೆ ಏಟು ಸರಿಹೋಗಲ್ಲ, ಓಡಿಸ್ಬಿಡತ್ತೆ” ಎಂದರು. “ನಮ್ಮಲ್ಲಿ ಒಂದೊಂದಕ್ಕೆ ಒಂದೊಂದು ಏಟು. ಮದುವೇದು ಬೇರೆ, ಸಾವಿಂದು ಬೇರೆ. ದೇವ್ರು ಹೊತ್ತೋರಿಗೆ ಅಂತಾನೇ ಒಂದಿದೆ. ತಲೆ ಮೇಲೆ ದೇವ್ರಿರೋವಾಗ ಅವ್ರು ಎಡವಬಾರ್ದಲ್ಲಮ್ಮಾ. ಅದು ಬಾರ್ಸೋವಾಗ ನಮ್ ಕೈ ನೋಡ್ಕೋಬಾರ್ದು, ಹೊತ್ತೋರ ಕಾಲು ನೋಡ್ಬೇಕು.”

ಹಾಗೆಯೇ ಮಾಡಿದರು. ಹಿಮ್ಮುಖವಾಗಿ ನಡೆಯುತ್ತ, ಇವರ ಪಾದದ ಮೇಲೆ ಕಣ್ಣಿಟ್ಟು, ಪಾದ ತಡವರಿಸುವ ಮೊದಲೇ ಏಟು ಕೊಡುತ್ತಿದ್ದರು. ಡಾಕ್ಟರಿಗೆ ಮೂರು ವರ್ಷ ಬೇಕಾದದ್ದು ಮಾಯಣ್ಣನವರಿಗೆ ಮೂರು ವಾರದಲ್ಲಿ ತಿಳಿಯಿತು, ಬಲಗಾಲು ಯಾವಾಗ ಮುಷ್ಕರ ಹೂಡುತ್ತದೆ ಎಂಬುದು. ದೀಪ್ತಿ ಅದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡಳು.

ಬೀದಿಯವರು ಮೊದಮೊದಲು ಕಿಟಕಿ ಹಾಕಿಕೊಂಡರು. ಆಮೇಲೆ ಕಾಫಿ ಲೋಟ ಹಿಡಿದು ಗೇಟಿಗೆ ಬಂದು ನಿಂತರು. ಎದುರುಮನೆಯ ಲಕ್ಷ್ಮೀದೇವಮ್ಮ ಮಂಡಿನೋವು ಎಂದು ಎರಡು ವರ್ಷದಿಂದ ಗೇಟು ದಾಟಿರಲಿಲ್ಲ, ಆಕೆಯೂ ಹಿಂದೆ ಹಿಂದೆ ಬರತೊಡಗಿದಳು. ಆಕೆಗೆ ಮಂಡಿಗಿಂತ ಕುತೂಹಲದ ನೋವು ಹೆಚ್ಚು ಎಂದು ನನ್ನ ಅಭಿಪ್ರಾಯ.

ಕಮಿಟಿಗೆ ವಿಷಯ ಮುಟ್ಟಿತು. ವಾದಿರಾಜ ಓಡಿಬಂದ.

“ಸಾರ್, ನಿಮ್ಮ ಆರೋಗ್ಯಕ್ಕೆ ಮನೆ ಮುಂದೆ ಏನ್ ಬೇಕಾದ್ರೂ ಮಾಡ್ಕೊಳಿ. ಪೆಂಡಾಲೊಳಗೆ ತಮಟೆನಾ? ರಾಮನವಮಿಗೆ? ವಿದ್ವಾಂಸರು ಏನಂತಾರೆ? ಸಾವಿಗೆ ಬಾರ್ಸೋದಲ್ವಾ ಅದು?”

ಇವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ದನಿ ಸಣ್ಣದಾಗಿರುವುದರಿಂದ ವಾದಿರಾಜ ಹತ್ತಿರ ಬಂದು ಕೇಳಬೇಕಾಯಿತು, ಅದು ಒಳ್ಳೆಯದೇ ಆಯಿತು.

“ಅರವತ್ತು ವರ್ಷ ಸಂಗೀತ ಕೇಳಿದೀನಿ ವಾದಿರಾಜ. ಕಿವಿಗೆ ಕೇಳಿಸ್ತು, ಕೈಗೆ ಕೇಳಿಸ್ತು. ಕಾಲಿಗೆ ಕೇಳಿಸ್ಲಿಲ್ಲ. ಇದು ಕಾಲಿಗೂ ಕೇಳಿಸ್ತು. ಸಂಗೀತ ಅಲ್ಲ ಅಂತ ಹನ್ನೊಂದು ಸಲ ಬರ್ದು ಕೊಟ್ಟೋನು ನಾನೇ. ತಪ್ಪು ಬರ್ದಿದ್ದೆ. ಅವರಿಗೆ ಸಭೆ ಪರವಾಗಿ ತಾಂಬೂಲ ಕೊಟ್ಟಾಗಿದೆ. ಕರೆದ ವಿದ್ವಾಂಸರನ್ನ ಬಾಗಿಲಲ್ಲಿ ನಿಲ್ಸಿದ್ದು ನಮ್ಮ ಸಭೆ ಇತಿಹಾಸದಲ್ಲಿದೆಯಾ?”

ವಾದಿರಾಜ ಎದ್ದು ಚಪ್ಪಲಿ ಮೆಟ್ಟಿಕೊಂಡ. ಆದರೂ ಹೋಗುವಾಗ, “ನಡುವೆ ನಿಂತ್ಬಿಟ್ರೆ ಸಾರ್? ಹೋದ್ವರ್ಷದ ಹಾಗೆ?” ಎಂದು ಕೇಳಿದ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆ ಪ್ರಶ್ನೆ ನನಗೂ ಇತ್ತು.

ರಾಮನವಮಿಯ ಸಂಜೆ ಪೆಂಡಾಲು ಕಿಕ್ಕಿರಿದಿತ್ತು. ಸುದ್ದಿ ಮಲ್ಲೇಶ್ವರದವರೆಗೂ ಹಬ್ಬಿತ್ತೆಂದು ಕಾಣುತ್ತದೆ, ಕಛೇರಿಗೆ ಬಂದವರೆಷ್ಟೋ, ನೋಡಲು ಬಂದವರೆಷ್ಟೋ. ಮಾಯಣ್ಣ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು ಬಂದರು. ಈಗೀಗ ಕಾಯಿಸುವ ಗೋಜಿಲ್ಲದ ಫೈಬರ್ ತಮಟೆ ಬಂದಿದೆ, ಮೆರವಣಿಗೆಗೆ ಅವರೂ ಅದನ್ನೇ ಬಳಸುತ್ತಾರೆ. ಅಂದು ಮಾತ್ರ ಅಪ್ಪನ ಕಾಲದ ಚರ್ಮದ ತಮಟೆ ತಂದಿದ್ದರು. ಪೆಂಡಾಲಿನಿಂದ ದೂರ, ರಸ್ತೆಯ ಆಚೆ ಬದಿ ಪೇಪರ್ ಹೊತ್ತಿಸಿ, ತಮಟೆಯನ್ನು ಬೆಂಕಿಗೆ ಹಿಡಿದು ತಿರುಗಿಸುತ್ತ, ಬೆರಳಲ್ಲಿ ತಟ್ಟಿ ನೋಡಿದರು. ಒಳಗೆ ಕಲಾವಿದರು ತಂಬೂರಿಯ ಶ್ರುತಿ ಸೇರಿಸುತ್ತಿದ್ದರು. ಇವರು ಎರಡನ್ನೂ ಕೇಳುತ್ತ ಬಾಗಿಲಲ್ಲಿ ನಿಂತಿದ್ದರು.

ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಕೂತಿದ್ದೆ ಎನ್ನುವುದು ಮಾತಿಗೆ, ಕುರ್ಚಿಯ ತುದಿಯಲ್ಲಿದ್ದೆ.

ಇವರ ಕೈಗೆ ವಾದಿರಾಜ ಪಟ ಕೊಟ್ಟ. ಮಾಯಣ್ಣ ಜನಕ್ಕೆ ಬೆನ್ನು ಮಾಡಿ, ಇವರ ಪಾದ ನೋಡಿ, ಏಟು ಹಾಕಿದರು. ಡಣ್. ಪೆಂಡಾಲೆಲ್ಲ ಒಮ್ಮೆ ಬೆಚ್ಚಿತು. ಡಣ್. ಇವರ ಕಾಲು ಎದ್ದಿತು.

ಮೊದಲ ಇಪ್ಪತ್ತು ಹೆಜ್ಜೆ ನಾನು ಬೆರಳು ಮಡಿಸಿ ಎಣಿಸಿದೆ. ಕಳೆದ ವರ್ಷ ನಿಂತ ಜಾಗ ಬಂತು. ಇವರ ಬಲಗಾಲು ತಡವರಿಸಿತು. ಮಾಯಣ್ಣ ಅದಕ್ಕೆ ಮೊದಲೇ ಒಂದು ಗಟ್ಟಿ ಏಟು ಕೊಟ್ಟರು, ಕಾಲು ದಾಟಿಹೋಯಿತು. ಆಗ ನಾನು ತಲೆ ತಗ್ಗಿಸಿ ಅಕ್ಕಪಕ್ಕ ನೋಡಿದೆ. ನಲವತ್ತು ವರ್ಷದಿಂದ ನಾನು ಕಂಡ ಈ ಸಭೆಯಲ್ಲಿ ಯಾರ ಕಾಲೂ ಅಲುಗಿದ್ದಿಲ್ಲ. ಈಗ ಕುರ್ಚಿಗಳ ಕೆಳಗೆ ಸಾಲುಸಾಲಾಗಿ ಪಾದಗಳು ತಟ್ಟುತ್ತಿದ್ದವು. ರೇಷ್ಮೆ ಸೀರೆಯ ಕೆಳಗಿನ ಪಾದ, ಶೂ ಹಾಕಿದ ಪಾದ, ನಿವೃತ್ತ ನ್ಯಾಯಾಧೀಶರೊಬ್ಬರ ಪಾದ. ಹಿಂದೆ ನಡೆದು ಬರುತ್ತಿದ್ದ ವಾದಿರಾಜನೂ ಅದೇ ಲಯಕ್ಕೆ ಹೆಜ್ಜೆ ಹಾಕುತ್ತಿದ್ದ, ಅವನಿಗೇ ಗೊತ್ತಿರಲಿಲ್ಲ.

ಅರವತ್ತಮೂರು. ಅರವತ್ತನಾಲ್ಕು. ವೇದಿಕೆಯ ಬುಡ.

ಅಲ್ಲಿ ಮಾಯಣ್ಣ ನಿಲ್ಲಿಸಿಬಿಟ್ಟರು.

ಬೀದಿಯಲ್ಲಿ ಅಭ್ಯಾಸ ಮಾಡಿದ್ದು ಅರವತ್ತನಾಲ್ಕು ಹೆಜ್ಜೆ. ವೇದಿಕೆಗೆ ಮೂರು ಮೆಟ್ಟಿಲಿದೆ ಎಂಬುದನ್ನು ಗಣಿತದ ಮೇಷ್ಟರೂ ಮರೆತಿದ್ದರು, ನಾನೂ ಮರೆತಿದ್ದೆ. ಮಾಯಣ್ಣ ಮರೆತಿರಲಿಲ್ಲ. ಅವರು ಬೇಕೆಂದೇ ನಿಲ್ಲಿಸಿದ್ದು. ದೇವರು ಇಳಿಯುವ ಜಾಗದವರೆಗೆ ಬಂದು, ಪಕ್ಕಕ್ಕೆ ಸರಿದು ನಿಲ್ಲುವುದೇ ಅವರು ಹುಟ್ಟಿದಾಗಿನಿಂದ ಕಂಡ ಕ್ರಮ. ಕೋಲು ಇಳಿಸಿ ಪಕ್ಕಕ್ಕೆ ಸರಿದರು.

ಇವರ ಒಂದು ಕಾಲು ಮೊದಲ ಮೆಟ್ಟಿಲ ಮೇಲಿತ್ತು, ಇನ್ನೊಂದು ನೆಲದ ಮೇಲೆ. ಹಾಗೇ ಅಂಟಿಕೊಂಡಿತು. ಪಟ ನಡುಗಲು ಶುರುವಾಯಿತು. ಒಂದು ಮೊಬೈಲ್ ಮೇಲೆದ್ದಿತು, ನಾನು ದುರುಗುಟ್ಟಿ ನೋಡಿದೆ, ಇಳಿಯಿತು. ವಾದಿರಾಜ ಬಂದು ಇವರ ಮೊಣಕೈ ಹಿಡಿದ.

“ಬಿಡು” ಎಂದರು ಇವರು. ಆಮೇಲೆ ಕತ್ತನ್ನು ಕಷ್ಟಪಟ್ಟು ಪಕ್ಕಕ್ಕೆ ತಿರುಗಿಸಿದರು. “ಮಾಯಣ್ಣನವರೇ, ಯಾಕ್ ನಿಲ್ಸಿದ್ರಿ?”

“ಮೇಲೆ ನಾವ್ ಹೆಂಗ್ ಬರೋದು ಸಾರ್? ಅದು ನಿಮ್ಮ ಜಾಗ.”

“ನೀವು ಹತ್ದೇ ಇದ್ರೆ ನನಗೂ ಅದು ಜಾಗ ಅಲ್ಲ. ಹತ್ತಿ.”

ಮಾಯಣ್ಣ ಕದಲಲಿಲ್ಲ. ವೇದಿಕೆಯ ಮೇಲೆ ಕೂತಿದ್ದ ವಿದ್ವಾಂಸರನ್ನು ನೋಡಿದರು, ವಾದಿರಾಜನನ್ನು ನೋಡಿದರು. ವಾದಿರಾಜನ ಕೈ ಇನ್ನೂ ಇವರ ಮೊಣಕೈಯ ಮೇಲಿತ್ತು. ಅವನು ಕೈ ತೆಗೆದ. ಬಗ್ಗಿ, ಮೆಟ್ಟಿಲ ಮೇಲೆ ಬಿದ್ದಿದ್ದ ಮೈಕಿನ ವೈರನ್ನು ಪಕ್ಕಕ್ಕೆ ಸರಿಸಿ, “ಬನ್ನಿ, ಹತ್ತಿ” ಎಂದ.

ಮಾಯಣ್ಣ ಚಪ್ಪಲಿ ಬಿಟ್ಟರು. ಇವರ ಮುಖಕ್ಕೆ ಮುಖ ಕೊಟ್ಟು, ಹಿಂದುಹಿಂದಕ್ಕೆ ಮೊದಲ ಮೆಟ್ಟಿಲು ಹತ್ತಿ, ಬಾರಿಸಿದರು. ಇವರ ಕಾಲು ನೆಲ ಬಿಟ್ಟಿತು. ಎರಡನೆಯ ಮೆಟ್ಟಿಲು. ಮೂರನೆಯದು. ಇಬ್ಬರೂ ಒಟ್ಟಿಗೆ ಮೇಲಿದ್ದರು. ತಂಬೂರಿ ಹಿಡಿದಿದ್ದ ಹುಡುಗಿ ಸರಿದು ದಾರಿ ಬಿಟ್ಟಳು. ಮಾಯಣ್ಣ ಇವರನ್ನು ಪೀಠದವರೆಗೂ ನಡೆಸಿಕೊಂಡು ಹೋಗಿ, ಪಟ ಕೂತ ಮೇಲೆಯೇ ಕೋಲು ಇಳಿಸಿದರು.

ಪ್ರತಿವರ್ಷ ಕಾರ್ಯದರ್ಶಿಯ ಸ್ವಾಗತ ಭಾಷಣ ಇರುತ್ತದೆ, ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲ. ನಾನೇ ಎಷ್ಟೋ ಸಲ ಆಕಳಿಸಿದ್ದೇನೆ. ಇವರು ಮೈಕಿನ ಹತ್ತಿರ ಬಾಯಿ ತಂದರು.

“ನಡ್ಕೊಂಡ್ ಬಂದೆ” ಎಂದರು. ಉಸಿರು ತೆಗೆದುಕೊಂಡು, “ನಡೆಸ್ಕೊಂಡ್ ಬಂದೋರು ವಿದ್ವಾನ್ ಮಾಯಣ್ಣನವರು” ಎಂದರು. ಅಷ್ಟೇ ಭಾಷಣ.

ಚಪ್ಪಾಳೆ ಎಷ್ಟು ಹೊತ್ತು ಬಿತ್ತು ಎಂದು ನಾನು ಹೇಳಿದರೆ ನೀವು ನಂಬುವುದಿಲ್ಲ, ಬಿಡಿ. ಮಾಯಣ್ಣ ತಮಟೆಯನ್ನು ಎದೆಗೆ ಹಿಡಿದು ತಲೆ ಎತ್ತಿ ನಿಂತಿದ್ದರು. ಅವರ ಪಕ್ಕದಲ್ಲಿ ನನ್ನ ಗಂಡ, ಯಾರ ಆಸರೆಯೂ ಇಲ್ಲದೆ, ತಮ್ಮ ಎರಡು ಕಾಲ ಮೇಲೆ. ನಾನು ಎದ್ದು ನಿಂತಿದ್ದೆ. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಪಕ್ಕದಲ್ಲಿದ್ದ ಲಕ್ಷ್ಮೀದೇವಮ್ಮ ಕರವಸ್ತ್ರ ಕೊಡಲು ಬಂದಳು. ಬೇಡ ಎಂದೆ. ನೋಡುವವರು ನೋಡಲಿ ಎಂದು ಹಾಗೆಯೇ ಬಿಟ್ಟೆ.